ರಿಕ್ರಿಯೇಷನ್ ಎಂಬ ಬೋರ್ಡಿನ ಕೆಳಗೆ

ಕ್ಯಾಲ್ಗರಿ: ಹಿಟ್ಟಿಗಾದ ಅವಮಾನ

ನನ್ನ ಹಿಟ್ಟನ್ನು ನಾಯಿಯಿಂದ ಮೂಸಿಸಿದರು. ಕೆನಡಾದಲ್ಲಿ ರಸ್ತೆ ಚೆನ್ನಾಗಿದೆ, ಬೆಟ್ಟ ಚೆನ್ನಾಗಿದೆ, ನಲ್ಲಿಯಲ್ಲಿ ದಿನವಿಡೀ ನೀರು ಬರುತ್ತದೆ, ಎಲ್ಲವನ್ನೂ ಒಪ್ಪುತ್ತೇನೆ. ಆದರೆ ಬರೆಯಲು ಕೂತರೆ ಮೊದಲು ನೆನಪಾಗುವುದು ಆ ನಾಯಿ.

ಚಾಮರಾಜಪೇಟೆಯಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ದಾರಿಯಲ್ಲಿ ಬೇರೆ ಗಿರಣಿಗಳಿದ್ದರೂ ಅವನ್ನು ದಾಟಿಕೊಂಡು ಬಸವನಗುಡಿಯಿಂದ ಜನ ಡಬ್ಬ ಹೊತ್ತು ನನ್ನಲ್ಲಿಗೆ ಬರುತ್ತಾರೆ. ಬೀಸುವ ಕಲ್ಲಿಗೆ ಹೊಸದಾಗಿ ಉಳಿ ಹೊಡೆಸಿದ ದಿನ ಮೊದಲು ಬೀಳುವ ಹಿಟ್ಟನ್ನು ನಾನು ಯಾರ ಡಬ್ಬಕ್ಕೂ ಹಾಕುವುದಿಲ್ಲ, ಚೆಲ್ಲುತ್ತೇನೆ. ಹಲ್ಲಿಗೆ ಮರಳು ಸಿಕ್ಕಿತೆಂದು ಇವತ್ತಿನವರೆಗೆ ಒಬ್ಬ ಗಿರಾಕಿ ಬಾಯಿ ಬಿಟ್ಟಿಲ್ಲ. ಅಂಥ ಗಿರಣಿಯ ಹಿಟ್ಟು ಅದು.

ನನ್ನ ತಮ್ಮ ಮಂಜುನಾಥ ಓದಲೆಂದು ಆ ದೇಶಕ್ಕೆ ಹೋಗಿ ಮೂರು ವರ್ಷವಾಗಿತ್ತು. "ನೀನೇ ಒಂದ್ಸಲ ಹೋಗಿ ನೋಡ್ಕೊಂಡು ಬಾ. ಏನ್ ತಿಂತಾನೆ, ಏನ್ ಓದ್ತಾನೆ, ಸರಿಯಾಗಿ ಕೇಳ್ಕೊಂಡು ಬಾ" ಎಂದು ಅಮ್ಮ ಹಟ ಹಿಡಿದಳು. ಗಿರಣಿಯನ್ನು ಹೆಂಡತಿಯ ಕೈಗೆ ಒಪ್ಪಿಸಿ ಹೊರಟೆ. ಅಮ್ಮ ರಾಗಿ ಹುರಿಹಿಟ್ಟು, ಚಕ್ಕುಲಿಗೆಂದು ಅಕ್ಕಿ ಹಿಟ್ಟು, ಒಂದು ಪೊಟ್ಟಣ ಚಟ್ನಿಪುಡಿ ಕಟ್ಟಿಕೊಟ್ಟಿದ್ದಳು.

ಬೊಂಬಾಯಿ ದಾಟಿ, ಲಂಡನ್ ದಾಟಿ, ಕಾಲು ಊದಿಕೊಂಡು ಕ್ಯಾಲ್ಗರಿಯಲ್ಲಿ ಇಳಿದೆ. ತಪಾಸಣೆಯ ಅಧಿಕಾರಿ ನನ್ನ ಪೆಟ್ಟಿಗೆ ತೆಗೆಸಿ, ಅಕ್ಕಿ ಹಿಟ್ಟಿನ ಚೀಲವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಇದೇನೆಂದು ಕೇಳಿದ.

"ಫ್ಲೋರ್ ಸಾರ್" ಅಂದೆ.

ಅವನು ತನ್ನ ಕಾಲ ಕೆಳಗೆ ನೋಡಿದ. ಬಿಳೀ ಟೈಲ್ಸು ಹಾಕಿದ ನೆಲ. ಮತ್ತೆ ನನ್ನ ಮುಖ ನೋಡಿದ.

"ಮೈ ಓನ್ ಫ್ಲೋರ್ ಸಾರ್. ಬೆಸ್ಟ್ ಫ್ಲೋರ್ ಇನ್ ಚಾಮರಾಜಪೇಟೆ."

ಅವನು ಇನ್ನೊಬ್ಬನನ್ನು ಕರೆದ. ಇಬ್ಬರೂ ನೆಲ ನೋಡಿದರು. ನಮ್ಮ ಗಿರಣಿಯ ಬೋರ್ಡಿನಲ್ಲಿ "ಫ್ಲೋರ್ ಮಿಲ್" ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದೇನೆ. ಇಷ್ಟು ವರ್ಷದಲ್ಲಿ ಅದನ್ನು ಓದಿ ಯಾರೂ ನೆಲ ನೋಡಿದ್ದಿಲ್ಲ. ಈ ಇಂಗ್ಲಿಷರ ಮಕ್ಕಳಿಗೆ ಅವರ ಭಾಷೆಯೇ ಅರ್ಥವಾಗಲಿಲ್ಲ. ಕೊನೆಗೆ ನಾಯಿ ತರಿಸಿದರು. ಅದು ಅಕ್ಕಿ ಹಿಟ್ಟು ಮೂಸಿತು, ಹುರಿಹಿಟ್ಟು ಮೂಸಿತು, ಚಟ್ನಿಪುಡಿಗೆ ಮೂತಿ ಇಟ್ಟದ್ದೇ ತಡ, ಸೀನಿತು ನೋಡಿ! ಸೀನುತ್ತಲೇ ಇತ್ತು. ಅಧಿಕಾರಿಗಳಿಗೆ ನನ್ನ ಮೇಲಿನ ಅನುಮಾನಕ್ಕಿಂತ ನಾಯಿಯ ಮೇಲಿನ ಕನಿಕರ ಜಾಸ್ತಿಯಾಗಿ ನನ್ನನ್ನು ಬಿಟ್ಟರು. ಮೂಸಿದ ಹಿಟ್ಟನ್ನು ಏನು ಮಾಡಲಿ? ಹೊರಗಿನ ಕಸದ ಬುಟ್ಟಿಗೆ ನಾನೇ ಹಾಕಿದೆ.

ಬಾಗಿಲಾಚೆ ಮಂಜ ನಿಂತಿದ್ದ. ಗಾಳಿ ತುಂಬಿದ ದಿಂಬಿನಂಥ ಕೋಟು, ಕೆಂಪಾದ ಮೂಗು. "ಅಣ್ಣಾ!" ಎಂದು ಬಂದು ಎಲ್ಲರೆದುರಿಗೆ ಕಾಲಿಗೆ ಬಿದ್ದ. ಅದೊಂದು ಸಮಾಧಾನ.

ಬಸ್ಸಿನ ದಾರಿ

ಮಂಜನ ಕಾಲೇಜು ಇದ್ದದ್ದು ಬೆಟ್ಟಗಳ ನಡುವಿನ ಒಂದು ಸಣ್ಣ ಊರಿನಲ್ಲಿ. ಆ ಊರಿನ ಹೆಸರಿಗೆ ನನ್ನ ನಾಲಿಗೆ ಇವತ್ತಿಗೂ ತಿರುಗುವುದಿಲ್ಲ. ಬಸ್ಸಿನ ಕಿಟಕಿಯಾಚೆ ನೆಲ, ಮರ, ಮನೆಗಳ ಮಾಡು, ನಿಲ್ಲಿಸಿದ್ದ ಕಾರುಗಳು, ಎಲ್ಲ ಬೆಳ್ಳಗಿದ್ದವು. ಓದಿದವರು ಇಂಥದ್ದನ್ನು ಕಂಡರೆ ಸ್ವರ್ಗ ಎಂದು ಬರೆಯುತ್ತಾರೆ. ನನಗೆ ಗಿರಣಿಯ ಒಳಗೋಡೆ ನೆನಪಾಯಿತು. ಸಂಜೆ ಗಿರಣಿಯಿಂದ ಹೊರಬಂದರೆ ನನ್ನ ಹುಬ್ಬು, ಕಿವಿ, ಅಂಗಿಯ ಜೇಬು, ಎಲ್ಲ ಹೀಗೇ ಬೆಳ್ಳಗಿರುತ್ತವೆ. ಅದನ್ನು ನೋಡಲು ಯಾರೂ ವಿಮಾನ ಹತ್ತಿ ಬರುವುದಿಲ್ಲ.

"ಮಂಜು ಅಂತ ಹೆಸರಿಟ್ಟಿದ್ದೇ ತಪ್ಪಾಯ್ತು ಕಣೋ. ಹುಡುಕ್ಕೊಂಡು ಬಂದು ಮಂಜಲ್ಲೇ ಬಿದ್ದಿದೀಯ" ಅಂದೆ.

ಅವನು ನಕ್ಕ. ನಗು ಸ್ವಲ್ಪ ಜಾಸ್ತಿಯೇ ಆಯಿತು. ಏನನ್ನೋ ಮುಚ್ಚಿಡುವವನು ನಗುವ ಹಾಗೆ.

ಆ ಜನರ ಒಂದು ಅಭ್ಯಾಸ ಹೇಳಬೇಕು. ಬಸ್ಸಿನಲ್ಲಿ ನಾನೇ ಒಬ್ಬನ ಕಾಲು ತುಳಿದೆ, ಅವನೇ "ಸಾರಿ" ಅಂದ. ಇಳಿಯುವಾಗ ಒಬ್ಬಾಕೆಗೆ ನನ್ನ ಪೆಟ್ಟಿಗೆ ತಾಗಿತು, ಆಕೆಯೂ "ಸಾರಿ" ಅಂದಳು. ನಮ್ಮ ಮಾರ್ಕೆಟ್ ಬಸ್ಸಿನಲ್ಲಿ ಇಷ್ಟು ಹೊತ್ತಿಗೆ ಎರಡು ಜಗಳವಾಗಿ, ಆ ಜಗಳದಲ್ಲಿ ಇಬ್ಬರು ಪರಿಚಯವಾಗಿ, ಒಬ್ಬರು ಗಿರಾಕಿಯಾಗಿರುತ್ತಿದ್ದರು. ಇಲ್ಲಿ ಸಾರಿ ಅಂದವರು ಮುಖ ತಿರುಗಿಸಿ ಕಿಟಕಿ ನೋಡುತ್ತಾರೆ, ಮುಗಿಯಿತು.

ಕಾಲೇಜಿನ ಬೋರ್ಡು

ಮರುದಿನ ಬೆಳಿಗ್ಗೆ "ನಿನ್ನ ಕಾಲೇಜು ತೋರ್ಸೋ" ಅಂದೆ. ಮಂಜ ಆಸ್ಪತ್ರೆ ತೋರಿಸಿದ, ಲೈಬ್ರರಿ ತೋರಿಸಿದ, ಹೆಪ್ಪುಗಟ್ಟಿದ ಕೆರೆ ತೋರಿಸಿದ. ಕಾಲೇಜಿನ ಕಡೆ ಕಾಲು ಹಾಕಲೇ ಇಲ್ಲ. ನಾನೇ ಬ್ಯಾಗು ಹೊತ್ತ ಹುಡುಗರ ಹಿಂದೆ ಹೋದೆ. ಅವನು ನನ್ನ ಹಿಂದೆ ಓಡಿ ಬಂದ.

ಬಾಗಿಲ ಪಕ್ಕದಲ್ಲಿ ಮರದ ದೊಡ್ಡ ಬೋರ್ಡು. ಮೊದಲ ಪದ ನನಗೆ ಗೊತ್ತಾಗಲಿಲ್ಲ. ಎರಡನೆಯದರ ಮೊದಲ ಮೂರು ಅಕ್ಷರ ನೋಡುತ್ತಲೇ ಎದೆ ಧಸಕ್ಕೆಂದಿತು. ಆರ್, ಇ, ಸಿ. ಮುಂದಿನದನ್ನು ಓದಬೇಕಾಗಿಯೇ ಇರಲಿಲ್ಲ. ಆ ಪದ ನನಗೆ ಬಾಯಿಪಾಠ. ನಾನು ಮೊದಲು ಕಲಿತ ಇಂಗ್ಲಿಷ್ ಪದವೇ ಅದು.

ಬೆಂಗಳೂರಿನಲ್ಲಿ ಬೆಳೆದವರಿಗೆ ರಿಕ್ರಿಯೇಷನ್ ಕ್ಲಬ್ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಹಸಿರು ಬಣ್ಣದ ಬಾಗಿಲು, ಬೀಡಿಯ ಹೊಗೆ, ಇಸ್ಪೀಟು. ಅಂಥ ಒಂದು ಕ್ಲಬ್ಬು ನಮ್ಮ ರಸ್ತೆಯ ತುದಿಯಲ್ಲಿ ಮಹಡಿಯ ಮೇಲಿತ್ತು. ನಮ್ಮಪ್ಪನಿಗೆ ಒಳ್ಳೆಯ ಅಕ್ಕಿ ಅಂಗಡಿ ಇತ್ತು. ಸಂಜೆ ಅಂಗಡಿ ಬಾಗಿಲು ಹಾಕಿ ಮಹಡಿ ಹತ್ತಿದರೆ ಇಳಿಯುತ್ತಿರಲಿಲ್ಲ. "ಅನ್ನ ಆರ್ತಿದೆ ಅಂತ ಹೇಳಿ ಕರ್ಕೊಂಡು ಬಾ" ಎಂದು ಅಮ್ಮ ನನ್ನನ್ನು ಕಳಿಸುತ್ತಿದ್ದಳು. ಬಾಗಿಲಲ್ಲಿ ಕೂತವನು "ಇದೊಂದು ಆಟ ಆಗ್ಲಿ, ಬರ್ತಾರೆ, ಕೆಳಗೆ ನಿಂತ್ಕೊ ಹೋಗು" ಅನ್ನುತ್ತಿದ್ದ. ನಾನು ಬೋರ್ಡಿನ ಕೆಳಗೆ ನಿಂತು ಅಕ್ಷರ ಕೂಡಿಸುತ್ತಿದ್ದೆ. ಇಡೀ ಪದ ಓದಲು ಬರುವ ಹೊತ್ತಿಗೆ ಅಕ್ಕಿ ಅಂಗಡಿ ಬೇರೆಯವರದಾಗಿತ್ತು. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟು ನಾನು ಗಿರಣಿಗೆ ಕೂಲಿಗೆ ಸೇರಿದೆ. ಆಗ ಮಂಜ ತೊಟ್ಟಿಲಲ್ಲಿದ್ದ. ಆ ಗಿರಣಿಯನ್ನು ನಾನೇ ಕೊಂಡದ್ದು ಆಮೇಲಿನ ಮಾತು. ಅಪ್ಪ ಹೋದ ಮೇಲೆ ಅಮ್ಮ ಒಂದೇ ಮಾತು ಹೇಳಿದ್ದಳು: "ಆ ಬೋರ್ಡಿನ ಕೆಳಗೆ ನಮ್ಮನೆಯವರು ಯಾರೂ ಇನ್ಮೇಲೆ ನಿಲ್ಬಾರ್ದು."

"ಇದೇನೋ ಇದು?" ಎಂದು ಬೋರ್ಡಿಗೆ ಕೈ ತೋರಿಸಿದೆ.

"ನಮ್ಮ ಡಿಪಾರ್ಟ್‌ಮೆಂಟು, ಅಣ್ಣ."

"ಮ್ಯಾನೇಜ್‌ಮೆಂಟ್ ಅಂದಿದ್ಯಲ್ಲೋ! ಟ್ರಂಕ್ ಕಾಲಲ್ಲಿ ಹೇಳಿದ್ಯಲ್ಲ, ಮ್ಯಾನೇಜ್‌ಮೆಂಟ್ ಅಂತ? ಇಡೀ ಚಾಮರಾಜಪೇಟೆಗೆ ಹೇಳ್ಕೊಂಡು ಬಂದಿದೀನಿ ನಾನು!"

"ಕೊನೇಲಿ ಮ್ಯಾನೇಜ್‌ಮೆಂಟ್ ಅಂತಾನೇ ಇದೆ ನೋಡು. ಔಟ್‌ಡೋರ್ ರಿಕ್ರಿಯೇಷನ್ ಅಂಡ್ ಸ್ಕೀ ರೆಸಾರ್ಟ್ ಮ್ಯಾನೇಜ್‌ಮೆಂಟ್. ಅದರ ಮುಂಚಿಂದು ಲೈನಲ್ಲಿ ಕೇಳಿಸ್ಲಿಲ್ವೇನೋ."

"ಕೇಳಿಸ್ಲಿಲ್ಲ ಅಂತ ಗೊತ್ತಾದ್ಮೇಲೆ ಇನ್ನೊಂದ್ಸಲ ಹೇಳ್ಬೇಕಿತ್ತು!"

ಅವನು ತಲೆ ತಗ್ಗಿಸಿದ. ನಾನು ಬಿಡಲಿಲ್ಲ. ಅಪ್ಪ ಕ್ಲಬ್ಬಿನಲ್ಲಿ ಆಡಿ ಹಾಳಾದ, ಮಗ ಕ್ಲಬ್ಬು ನಡೆಸುವುದನ್ನು ಕಲಿಯಲು ಸಮುದ್ರ ದಾಟಿ ಬಂದಿದ್ದಾನೆ, ಅದಕ್ಕೊಂದು ಡಿಗ್ರಿ ಬೇರೆ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ.

"ಇಲ್ಲಿ ಆ ಪದಕ್ಕೆ ಆ ಅರ್ಥ ಇಲ್ಲ ಅಣ್ಣ. ಸ್ಕೀ ಅಂದ್ರೆ, ಕಾಲಿಗೆ ಉದ್ದ ಪಟ್ಟಿ ಕಟ್ಕೊಂಡು ಹಿಮದ ಗುಡ್ಡದ ಮೇಲಿಂದ ಜಾರೋದು. ಆ ಗುಡ್ಡ ನಡೆಸೋದನ್ನ ಕಲಿಸ್ತಾರೆ."

"ಜಾರೋದಕ್ಕೆ ಕಾಲೇಜಾ?"

"ಜಾರೋದಕ್ಕಲ್ಲ. ಜಾರೋರನ್ನ ನೋಡ್ಕೊಳ್ಳೋದಕ್ಕೆ."

ಆಡುವವನಾದರೆ ತನ್ನನ್ನು ಮಾತ್ರ ಹಾಳು ಮಾಡಿಕೊಳ್ಳುತ್ತಾನೆ. ಆಡಿಸುವವನು ಊರನ್ನೇ ಹಾಳು ಮಾಡುತ್ತಾನೆ. "ಪೆಟ್ಟಿಗೆ ಕಟ್ಟು. ಸೋಮವಾರ ನನ್ ಜೊತೆ ಹೊರಡ್ತಿದೀಯ" ಅಂದೆ.

ಮಂಜ ಬೋರ್ಡಿಗೆ ಬೆನ್ನು ಹಾಕಿ ನಿಂತು, "ಶನಿವಾರ ಗುಡ್ಡದಲ್ಲಿ ನನ್ನ ಪ್ರಾಕ್ಟಿಕಲ್ ಇದೆ. ಅವತ್ತೊಂದು ದಿನ ಗುಡ್ಡ ನನ್ ಕೈಲಿರತ್ತೆ. ಬಂದು ನೋಡು. ನೋಡಿದ್ಮೇಲೂ ಹೊರಡು ಅಂದ್ರೆ ಹೊರಡ್ತೀನಿ. ನಿನ್ನಾಣೆ" ಅಂದ. ಇನ್ನೊಂದು ವರ್ಷ ಓದಿದರೆ ಡಿಗ್ರಿ. ಈಗ ಹೊರಟರೆ ಏನೂ ಇಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಟೀಚರಮ್ಮನ ಕೋಣೆ

ಅವನ ಟೀಚರನ್ನು ನೋಡಲೇಬೇಕೆಂದು ಪಟ್ಟು ಹಿಡಿದೆ. ನನ್ನ ವಯಸ್ಸಿನ ಹೆಂಗಸು, ಗಂಡಸರ ಪ್ಯಾಂಟು, ಕುತ್ತಿಗೆಗೆ ಸೀಟಿ. ಮೇಜಿನ ಮೇಲೆ ಹತ್ತಿ ಕೂತು ಕಾಲು ಆಡಿಸುತ್ತಿದ್ದರು. ಹುಡುಗರು ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದರು. ನಮ್ಮ ಕಾಲದ ಮೇಷ್ಟರ ಮುಂದೆ ಹೆಸರಿರಲಿ, ಕೆಮ್ಮಲಿಕ್ಕೂ ಹೆದರುತ್ತಿದ್ದೆವು. ನನ್ನ ತಮ್ಮನನ್ನು ಅವರು "ಮ್ಯಾಂಜೂ" ಎಂದು ಬೆಕ್ಕು ಕರೆದ ಹಾಗೆ ಕರೆದರು.

ನಾನು ಕನ್ನಡದಲ್ಲೇ ಹೇಳಿದೆ, ಮಂಜನಿಗೆ ಅದನ್ನು ಇಂಗ್ಲಿಷಿಗೆ ತಿರುಗಿಸಲು ಹೇಳಿದೆ. "ಅಮ್ಮಾ, ತಾಯಿಯಂಥವರು ನೀವು. ಮಕ್ಕಳಿಗೆ ಕಲಿಸುವುದಕ್ಕೆ ನಿಮಗೆ ಬೇರೆ ವಿದ್ಯೆಯೇ ಸಿಗಲಿಲ್ಲವೇ? ಹೊಟ್ಟೆ ಬಟ್ಟೆ ಕಟ್ಟಿ ಓದಿಸಿದವರ ಬೆವರಿಗೆ ಬೆಲೆ ಬೇಡವೇ?" ಎಂದು ಶುರುಮಾಡಿ ಅಂಗಡಿಯ ಕಥೆ, ಅಮ್ಮನ ಕಥೆ ಎಲ್ಲ ಹೇಳಿ ಉಸಿರು ಬಿಟ್ಟೆ. ಮಂಜ ಟೀಚರಮ್ಮನಿಗೆ ನಾಲ್ಕೇ ಮಾತಿನಲ್ಲಿ ಮುಗಿಸಿದ. ಅವರು ನಕ್ಕು ನನ್ನ ಕೈ ಕುಲುಕಿದರು.

"ಏನಂದ್ಯೋ ಅವರಿಗೆ?"

"ನಿಮ್ಮನ್ನ ನೋಡಿ ಸಂತೋಷ ಆಯ್ತು ಅಂದೆ."

"ಇಷ್ಟುದ್ದ ಬೈದಿದ್ದಕ್ಕೆ ಅಷ್ಟೇನಾ! ಸರಿಯಾಗಿ ಹೇಳು. ಈ ಪದ ತೆಗೀಬೇಕು ಅಂತ ಹೇಳು. ಬೋರ್ಡಿಂದ ತೆಗೀಬೇಕು."

ಈ ಸಲ ಅವನು ಹೇಳಿರಬೇಕು. ಟೀಚರಮ್ಮನ ಕಾಲು ಆಡುವುದು ನಿಂತಿತು. ನಿಮ್ಮ ಊರಲ್ಲಿ ಆ ಪದಕ್ಕೆ ಏನರ್ಥ ಎಂದು ಕೇಳಿದರು. "ಮನೇಲಿ ಹೆಂಡ್ತಿ ಮಕ್ಳು ಹಸ್ಕೊಂಡು ಕಾಯ್ತಿರ್ತಾರೆ, ಗಂಡಸು ಎದ್ದು ಬರಲ್ಲ. ಅದು ರಿಕ್ರಿಯೇಷನ್" ಅಂದೆ. ಅದನ್ನು ತಿರುಗಿಸಿ ಹೇಳುವಾಗ ಮಂಜನ ದನಿ ಸಣ್ಣಗಾಯಿತು. ಅಪ್ಪನನ್ನು ಅವನು ಸರಿಯಾಗಿ ನೋಡಿಯೂ ಇರಲಿಲ್ಲ.

ಅವರು ಮೆಲ್ಲಗೆ ಏನೋ ಹೇಳಿದರು. "ನಮ್ಮಲ್ಲಿ ಮೊದಲನೇ ಪಾಠ, ಗುಡ್ಡ ಯಾವಾಗ ಮುಚ್ಬೇಕು ಅನ್ನೋದು, ಅಂತಿದಾರೆ" ಎಂದ ಮಂಜ.

"ಮುಚ್ಚೋದಕ್ಕೂ ಪಾಠ ಬೇಕಾ? ನಾನು ದಿನಾ ಗಿರಣಿ ಬಾಗಿಲು ಹಾಕ್ತೀನಿ. ಯಾವ ಕಾಲೇಜಲ್ಲಿ ಕಲ್ತೆ?"

ಇದನ್ನು ಮಂಜ ತಿರುಗಿಸಲೇ ಇಲ್ಲ.

ಶನಿವಾರ, ಗುಡ್ಡದ ಬುಡ

ಗುಡ್ಡ ನೋಡಿ ನನ್ನ ಕೋಪ ಇಳಿಯಿತೆಂದು ನೀವು ತಿಳಿದುಕೊಂಡಿದ್ದರೆ ತಪ್ಪು. ಏರಿತು.

ಮೊದಲನೆಯದಾಗಿ, ಆ ಗುಡ್ಡಕ್ಕೆ ಮೆಷಿನ್ನಿಟ್ಟು ಹಿಮ ಮಾಡುತ್ತಿದ್ದರು. ದೇವರು ಉದುರಿಸಿದ್ದು ಸಾಲದಂತೆ. ಗುಡ್ಡದ ಬದಿಯಲ್ಲಿ ಕೊಳವೆಗಳು, ಅವುಗಳಿಂದ ನೀರು ಭೋರೆಂದು ಗಾಳಿಗೆ ಚಿಮ್ಮಿ ಪುಡಿಪುಡಿಯಾಗಿ ಬೀಳುತ್ತಿತ್ತು. ನಮ್ಮ ಬೀದಿಯಲ್ಲಿ ನಲ್ಲಿಗೆ ನೀರು ಬರುವ ದಿನ ಹೆಂಗಸರು ಕೊಡ ಸಾಲಿಟ್ಟು ಕಾಯುತ್ತಾರೆ. ನಮ್ಮ ಗಿರಣಿಗೆ ಪವರ್ ಕಟ್ಟು. ಅರ್ಧ ಬೀಸಿದ ರಾಗಿ ಹಾಗೇ ಕಲ್ಲಿನಲ್ಲಿ ನಿಲ್ಲುತ್ತದೆ, ಗಿರಾಕಿ ನನ್ನನ್ನು ಬೈಯುತ್ತಾರೆ. ಇಲ್ಲಿ ನೀರು ಕರೆಂಟು ಎರಡನ್ನೂ ಗುಡ್ಡದ ಮೇಲೆ ಎರಚುತ್ತಾರೆ, ಯಾಕೆ, ಜನ ಜಾರಲಿ ಎಂದು.

ಎರಡನೆಯದಾಗಿ, ಆ ಜನ. ದುಡ್ಡು ಕೊಟ್ಟು ಬೀಳುತ್ತಾರೆ. ಬಿದ್ದು, ಎದ್ದು, ನಗುತ್ತಾ ಮತ್ತೆ ಸಾಲಿಗೆ ಬಂದು ನಿಲ್ಲುತ್ತಾರೆ. ಹೆಂಡತಿ, ಮಕ್ಕಳು, ಅಜ್ಜಿಯರು ಎಲ್ಲ ಜೊತೆಯಲ್ಲೇ ಇರುತ್ತಾರೆ. ಕಾಲು ಮುರಿದುಕೊಂಡವರನ್ನು ಹೊತ್ತು ತರಲು ಜಾರುಬಂಡಿ ಸಿದ್ಧವಾಗಿ ನಿಂತಿತ್ತು. ಅದನ್ನು ಎಳೆಯುವುದೂ ಮಂಜನಿಗೆ ಒಂದು ಸಬ್ಜೆಕ್ಟಂತೆ.

ಮೂರನೆಯದು ಕುರ್ಚಿ. ಗುಡ್ಡದ ತುದಿಗೆ ಹೋಗಲು ಒಂದು ದಪ್ಪ ತಂತಿ, ಅದಕ್ಕೆ ತೂಗುಬಿಟ್ಟ ಕುರ್ಚಿಗಳು. ತಂತಿ ದೊಡ್ಡ ಗಾಲಿಯ ಸುತ್ತ ತಿರುಗುತ್ತಲೇ ಇರುತ್ತದೆ, ನಿಲ್ಲುವುದಿಲ್ಲ. ಹಿಂದಿನಿಂದ ಕುರ್ಚಿ ಬಂದು ಮಂಡಿಗೆ ಬಡಿಯುತ್ತದೆ, ಆಗ ಕೂರಬೇಕು. ಮಂಜ ಆ ಗಾಲಿಯ ಪಕ್ಕದ ಗೂಡಿನಲ್ಲಿ ನಿಂತಿದ್ದ. ಎದುರಿಗೆ ಕುರ್ಚಿ ನಿಲ್ಲಿಸಲು ಒತ್ತುವ ಒಂದು ಕೆಂಪು ಗುಂಡಿ.

"ಹತ್ತು ಅಣ್ಣ. ಮೇಲಿಂದ ನೋಡ್ಕೊಂಡು ಬಾ."

"ಓಡೋ ಬೆಲ್ಟಿಗೆ ಮೈ ಕೊಡಬಾರ್ದು ಕಣೋ! ಗಿರಣೀಲಿ ನಿನಗೆ ಅದನ್ನೇ ಅಲ್ವೇನೋ ಮೊದಲು ಕಲಿಸಿದ್ದು? ಪಂಚೆ ತುದಿ ಸಿಕ್ಕಿದ್ರೆ ಕೈ ಹೋಗತ್ತೆ ಅಂತ?"

"ಗೊತ್ತು. ಅದಕ್ಕೇ ಇಲ್ಲಿ ನಿಂತಿದೀನಿ. ನಿಧಾನ ಮಾಡ್ತೀನಿ, ಹತ್ತು."

ನಿಧಾನ ಮಾಡಿದ. ಮಂಕಿ ಕ್ಯಾಪು, ಮಂಜನ ಗೆಳೆಯನ ಕೋಟು ಹಾಕಿಕೊಂಡು ಕೂತೆ. ಕಾಲ ಕೆಳಗೆ ಏನೂ ಇಲ್ಲ. ಕಣ್ಣು ಮುಚ್ಚಿ ದೇವರ ಹೆಸರು ಹೇಳಿಕೊಳ್ಳುತ್ತಾ ಹೋದೆ. ಅಲ್ಲೇ ಎಡವಟ್ಟಾಗಿದ್ದು. ತುದಿಯಲ್ಲಿ ಇಳಿಯಬೇಕಿತ್ತು; ನಾನು ಕಣ್ಣು ಬಿಟ್ಟಾಗ ಇಳಿಯುವ ಜಾಗ ಹಿಂದೆ ಹೋಗಿತ್ತು. ಒಂದು ಅಡ್ಡ ಕಡ್ಡಿಗೆ ನನ್ನ ಕಾಲು ತಗಲಿ, ಕಿರ್ ಅಂತ ಗಂಟೆ ಹೊಡೆದು, ಎಲ್ಲ ನಿಂತುಹೋಯಿತು. ಗುಡ್ಡದ ಉದ್ದಕ್ಕೂ ಕುರ್ಚಿಗಳಲ್ಲಿ ಜನ ನೇತಾಡುತ್ತಾ ಯಾರಪ್ಪಾ ಅದು ಎಂದು ಕತ್ತು ಚಾಚಿ ನೋಡುತ್ತಿದ್ದರು. ನಾನು ಬಿಗಿಯಾಗಿ ಕೂತು ಬೆಟ್ಟಗಳನ್ನು ನೋಡಿದೆ. ಮೇಲಿದ್ದ ಹುಡುಗಿ ನನ್ನ ಕೈ ಹಿಡಿದು ಇಳಿಸಿ "ಸಾರಿ" ಅಂದಳು! ತಪ್ಪು ನನ್ನದು, ಸಾರಿ ಅವಳದು. ಹೀಗಾದರೆ ಮನುಷ್ಯ ಯಾರ ಮೇಲೆ ರೇಗಬೇಕು?

ಮಧ್ಯಾಹ್ನ, ಗಾಳಿ

ಇನ್ನೊಂದು ಕುರ್ಚಿಯಲ್ಲಿ ಕೂರಿಸಿ ಕೆಳಗೆ ಕಳಿಸಿದರು. ಬಿಸಿ ಚಾಕಲೇಟು ನೀರು ಕುಡಿಯುತ್ತಾ ಮಂಜನನ್ನೇ ನೋಡುತ್ತಾ ಕೂತೆ. ಅವನು ಕೂರಲಿಲ್ಲ. ಕಣ್ಣು ತಂತಿಯ ಮೇಲೆ, ಕೈ ಗುಂಡಿಯ ಹತ್ತಿರ. ಸಣ್ಣ ಮಗು ಬಂದರೆ ನಿಧಾನ, ಅಜ್ಜಿ ಬಂದರೆ ನಿಧಾನ. ಟೀಚರಮ್ಮ ಸ್ವಲ್ಪ ದೂರದಲ್ಲಿ ನಿಂತು ಏನೂ ಹೇಳದೆ ಗಮನಿಸುತ್ತಿದ್ದರು.

ಊಟದ ಹೊತ್ತು ಕಳೆದ ಮೇಲೆ ಗಾಳಿ ಎದ್ದಿತು. ಮೊದಲು ಹಿಮದ ಪುಡಿ ನೆಲದ ಮೇಲೆ ಹರಿದಾಡಿತು. ಆಮೇಲೆ ಮೇಲಿನ ಕುರ್ಚಿಗಳು ತೊಟ್ಟಿಲಿನಂತೆ ತೂಗತೊಡಗಿದವು. ಮಂಜ ಮೇಲಿನವರಿಗೆ ಫೋನು ಮಾಡಿದ. ಆಮೇಲೆ ಸಾಲಿನ ಮುಂದೆ ಹಗ್ಗ ಅಡ್ಡ ಕಟ್ಟಿದ. ಕುರ್ಚಿಗಳಲ್ಲಿದ್ದವರನ್ನು ನಿಧಾನಕ್ಕೆ ಒಬ್ಬೊಬ್ಬರಾಗಿ ಇಳಿಸಿಕೊಂಡ. ಹೊಸಬರನ್ನು ಹತ್ತಿಸಲಿಲ್ಲ. ಗುಡ್ಡ ಮುಚ್ಚಿದೆ, ಎಲ್ಲರೂ ಮನೆಗೆ ಹೋಗಿ ಅಂದ.

ಗುಡ್ಡದ ಯಜಮಾನ ಓಡಿ ಬಂದ. ಸೂರ್ಯ ಇನ್ನೂ ಕಾಣುತ್ತಿದ್ದಾನೆ, ಶನಿವಾರದ ಜನ, ಇನ್ನೂ ಸ್ವಲ್ಪ ಹೊತ್ತು ನೋಡೋಣ ಎಂದು ಅವನ ಮಾತಿರಬೇಕು, ಕೈ ಆಕಾಶಕ್ಕೂ ಸಾಲಿಗೂ ಓಡಾಡುತ್ತಿತ್ತು. ಮಂಜ ತಲೆ ಅಲ್ಲಾಡಿಸಿದ. ಯಜಮಾನ ಟೀಚರಮ್ಮನ ಕಡೆ ತಿರುಗಿದ. ಅವರು ಮಂಜನ ಕಡೆ ಕೈ ತೋರಿಸಿ ಸುಮ್ಮನಾದರು. ಇವತ್ತು ಗುಡ್ಡ ಅವನದು ಎಂದು ಅದರರ್ಥ.

ಇಷ್ಟು ಹೊತ್ತು ಕಾಲು ತುಳಿದರೂ ಸಾರಿ ಅನ್ನುತ್ತಿದ್ದ ಜನ ಆಗ ನೋಡಬೇಕಿತ್ತು! ಸಾಲಿನಲ್ಲಿದ್ದವರು ಕೂಗಾಡಿದರು. ಕೆಂಪು ಕೋಟಿನ ದಪ್ಪ ಆಸಾಮಿಯೊಬ್ಬ ಹಗ್ಗ ದಾಟಿ ಮಂಜನ ಮುಖದ ಹತ್ತಿರ ಬೆರಳು ತಂದ. "ಒನ್ ಮೋರ್! ಜಸ್ಟ್ ಒನ್ ಮೋರ್!" ಅಂದ. ಅಷ್ಟು ಇಂಗ್ಲಿಷು ನನಗೆ ಬರುತ್ತದೆ.

ಇದೊಂದು ಆಟ ಆಗ್ಲಿ.

ಮೈಯೆಲ್ಲ ಉರಿಯಿತು. ಅದೇ ಮಾತು, ಅದೇ ಮುಖ. ಹಸಿರು ಬಾಗಿಲಿನಿಂದ ಹೊರಗೆ ಕೇಳುತ್ತಿದ್ದ ಅದೇ ದನಿ. ಮಂಜ ಮಾತ್ರ ಕದಲಲಿಲ್ಲ. "ನೋ ಸರ್. ಗೋ ಹೋಮ್, ಸರ್" ಅಂದ. ಕೆಂಪು ಕೋಟು ಆಗ ಇನ್ನೇನೋ ಅಂದ. ಸುತ್ತಲಿದ್ದವರು ಮುಖ ಕೆಳಗೆ ಹಾಕಿದರು. ಮಂಜನ ದೇಶವನ್ನು ಹಳಿಯುವ ಮಾತು ಅದರಲ್ಲಿತ್ತು ಎಂದು ಅವರ ಮುಖದಿಂದಲೇ ತಿಳಿಯಿತು.

ನಾನು ಹಗ್ಗದ ಹತ್ತಿರ ಹೋದೆ. "ಏನಯ್ಯಾ, ಯಾರನ್ನ ಏನಂತ ತಿಳ್ಕೊಂಡಿದೀಯ? ಹುಡುಗ ನಿನ್ನ ಜೀವ ಉಳೀಲಿ ಅಂತ ಒದ್ದಾಡ್ತಿದಾನೆ, ನೀನು ಬೆರಳು ತೋರ್ಸ್ತೀಯ? ಹೆಂಡ್ತಿ ಮಕ್ಳು ಚಳೀಲಿ ನಿಂತಿದಾರೆ ನೋಡು ಅಲ್ಲಿ! ನಡಿ ಮನೆಗೆ! ನಡಿ ಅಂದ್ರೆ!" ಎಂದು ಗಿರಣಿಯ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಾದ ಗಂಟಲಲ್ಲಿ ಕೂಗಿದೆ. ಅವನಿಗೆ ಕನ್ನಡ ಬರುವುದಿಲ್ಲ. ಆದರೂ ನಿಜವಾಗಿಯೂ ಹಿಂದೆ ತಿರುಗಿ ನೋಡಿದ. ಅವನ ಹೆಂಡತಿ ಎರಡು ಮಕ್ಕಳನ್ನು ಕೋಟಿನೊಳಗೆ ಅವುಚಿಕೊಂಡು ನಿಂತಿದ್ದಳು.

"ಅಣ್ಣ, ಸುಮ್ನಿರು. ನಾನು ನೋಡ್ಕೋತೀನಿ" ಎಂದು ಮಂಜ ಬೈದ.

"ನೀನ್ ಹಗ್ಗ ನೋಡ್ಕೋ. ಇವನನ್ನ ನಾನು ನೋಡ್ಕೋತೀನಿ."

ಆ ಹೊತ್ತಿಗೆ ಮೇಲಿನ ಖಾಲಿ ಕುರ್ಚಿಯೊಂದು ಗಾಳಿಗೆ ಎದ್ದು ಕಂಬಕ್ಕೆ ಬಡಿಯಿತು. ಆ ಸದ್ದು ಕೇಳಿ ಎಲ್ಲರ ಬಾಯಿ ಮುಚ್ಚಿತು. ಕೆಂಪು ಕೋಟಿನವನು ಮಕ್ಕಳ ಕೈ ಹಿಡಿದು ಕಾರಿನ ಕಡೆ ನಡೆದ. ಸಾರಿ ಅನ್ನಲಿಲ್ಲ. ಅನ್ನಬೇಕಾದ ಜಾಗದಲ್ಲಿ ಯಾರೂ ಅನ್ನುವುದಿಲ್ಲ.

ಗುಡ್ಡ ಖಾಲಿಯಾದ ಮೇಲೆ ಮಂಜ ಗೂಡಿನ ಮೆಟ್ಟಿಲ ಮೇಲೆ ಕೂತು ಕೈಗವಸು ತೆಗೆದ.

"ಏನಂತೀಯ ಅಣ್ಣ? ಪೆಟ್ಟಿಗೆ ಕಟ್ಲಾ?"

"ಮೊದಲು ಏನಾದ್ರೂ ತಿನ್ನು. ಬೆಳಿಗ್ಗೆಯಿಂದ ಹೊಟ್ಟೆಗೆ ಏನ್ ಹಾಕಿದೀಯ?" ಅಂದೆ.

ಸೋಮವಾರ ವಿಮಾನ ನಿಲ್ದಾಣಕ್ಕೆ ಬಂದ ಮಂಜನ ಕೈಯಲ್ಲಿ ಅವನ ಪೆಟ್ಟಿಗೆ ಇರಲಿಲ್ಲ, ನನ್ನದೊಂದನ್ನೇ ಹಿಡಿದಿದ್ದ. "ಅಮ್ಮನಿಗೆ ನೀನೇ ಹೇಳ್ಬೇಕು. ಪೂರ್ತಿ ಹೆಸರು" ಅಂದ. ಟ್ರಂಕ್ ಕಾಲಲ್ಲಿ ಓದಿನ ಅರ್ಧ ಹೆಸರು ನುಂಗಿದ್ದಕ್ಕೆ ನನಗೆ ಇನ್ನೂ ಕೋಪ ಇದೆ. ಬೋರ್ಡಿನ ಪದವನ್ನು ಅವರು ಬದಲಾಯಿಸಬೇಕು ಎಂದು ಈಗಲೂ ಹೇಳುತ್ತೇನೆ.

ಚಾಮರಾಜಪೇಟೆ

ಅಮ್ಮ ಗಿರಣಿಯ ಹಿಂದಿನ ಕೋಣೆಯಲ್ಲಿ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ನಾನು ಚಪ್ಪಲಿ ಬಿಡುವ ಮೊದಲೇ ಕೇಳಿದಳು.

"ಸಣ್ಣಗಾಗಿದಾನಾ?"

"ಇಲ್ಲಮ್ಮ, ಗಟ್ಟಿಯಾಗಿದಾನೆ."

"ಏನು ಓದ್ತಿದಾನಂತೆ?"

ದಾರಿಯುದ್ದಕ್ಕೂ ಹತ್ತು ಥರ ಯೋಚಿಸಿಕೊಂಡು ಬಂದಿದ್ದೆ. ಅವನ್ನೆಲ್ಲ ಬಿಟ್ಟು ಬೋರ್ಡಿನಲ್ಲಿದ್ದುದನ್ನು ಇದ್ದ ಹಾಗೆ ಹೇಳಿದೆ. ಜರಡಿ ನಿಂತಿತು.

"ಅದೇನಾ?"

"ಪದ ಅದೇ ಅಮ್ಮ. ಆಟ ಬೇರೆ."

"ಇಸ್ಪೀಟಲ್ವಾ?"

"ಅಲ್ಲ. ಗುಡ್ಡದ ಮೇಲಿಂದ ಜಾರೋದು."

"ಜಾರಿ?"

"ಮತ್ತೆ ಹತ್ತೋದು. ಮತ್ತೆ ಜಾರೋದು."

ಅಮ್ಮ ನನ್ನ ಮುಖವನ್ನೇ ನೋಡಿದಳು. ನಾನು ತಮಾಷೆ ಮಾಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ, "ಮನೆಯವ್ರೆಲ್ಲ ಕಾಯ್ತಾ ಕೂತಿರ್ತಾರಾ?" ಎಂದಳು.

"ಅವರೂ ಬಂದಿರ್ತಾರೆ. ಅವರೂ ಜಾರ್ತಾರೆ."

"ಹೊತ್ತಾದ್ಮೇಲೆ ಎಬ್ಬಿಸಿ ಮನೆಗೆ ಕಳಿಸೋರು ಯಾರಾದ್ರೂ ಇದಾರಾ ಅಲ್ಲಿ?"

"ಇದಾನೆ."

"ಯಾರು?"

"ನಿನ್ನ ಮಗ. ಅದನ್ನೇ ಓದ್ತಿರೋದು ಅವನು."

ಅಮ್ಮ ಜರಡಿಯ ಅಂಚಿಗೆ ಎರಡು ಸಲ ತಟ್ಟಿದಳು. ಹಿಟ್ಟು ಸಣ್ಣಗೆ ಉದುರಿತು. ಹೊರಗೆ ಯಾರೋ ಡಬ್ಬ ಇಟ್ಟ ಸದ್ದಾಯಿತು, ನಾನು ಹೋಗಲಿಲ್ಲ.

"ನಿಮ್ಮಪ್ಪನ ಕಾಲಕ್ಕೆ ಯಾರೂ ಓದಿರ್ಲಿಲ್ಲ ಅದನ್ನ" ಅಂದಳು.